ಒಟಿಪಿ ಅನ್ನೋದು ಮಾಲು ಬಂದಿದ್ದಕ್ಕೆ ರಸೀದಿ ಅಲ್ಲ

ಇವತ್ತಿನ ಟಿಪ್ಪಣಿ ತೋಟದ್ದಲ್ಲ, ಬ್ಯಾಂಕಿನದು. ಆದ್ರೆ ತೋಟಕ್ಕೆ ಸಂಬಂಧ ಇಲ್ಲ ಅಂತ ತಿಳ್ಕೋಬೇಡಿ. ಸ್ಪ್ರಿಂಕ್ಲರ್ ಜೆಟ್ಟಿನಿಂದ ಹಿಡಿದು ಹುಲ್ಲು ಹೊಡೆಯೋ ಮಿಷನ್ನಿನ ಬ್ಲೇಡಿನ ತನಕ ನಾವೀಗ ಮೊಬೈಲಿನಲ್ಲೇ ತರಿಸ್ತೀವಿ. ಪೇಟೆಗೆ ಹೋಗಿ ಬರೋ ಬಸ್ ಚಾರ್ಜು, ಅರ್ಧ ದಿನದ ಕೆಲಸ ಎರಡೂ ಉಳಿಯತ್ತೆ. ಹೆಚ್ಚಿನ ಸಲ ಸಾಮಾನು ಸರಿಯಾಗೇ ಬರತ್ತೆ. ಬರದೇ ಹೋದ ಆ ಒಂದು ಸಲ ಏನು ಮಾಡಬೇಕು ಅನ್ನೋದನ್ನ ಮಾತ್ರ ಯಾರೂ ಹೇಳಿಕೊಡಲ್ಲ. ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ, ಪುರುಸೊತ್ತು ಮಾಡ್ಕೊಂಡು ಓದಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಡೆಬಿಟ್ ಕಾರ್ಡಿನಲ್ಲಿ ದುಡ್ಡು ಕೊಟ್ಟು ಮಾಲು ಬರದಿದ್ರೆ, ಆ ದುಡ್ಡನ್ನ ವಾಪಸ್ ಕೇಳೋ ದಾರಿ ಬ್ಯಾಂಕಿನಲ್ಲೇ ಇದೆ. ಆದರೆ ಕೌಂಟರಿನಲ್ಲಿ ಅದನ್ನ ಹೇಳೋರು ಇಲ್ಲ. ಅಲ್ಲಿ ಸಿಗೋದು ಒಂದೇ ಉತ್ತರ: "ಒಟಿಪಿ ನೀವೇ ಹಾಕಿದ್ದಲ್ವಾ ಸರ್, ಬ್ಯಾಂಕಿನಿಂದ ಏನೂ ಮಾಡಕ್ಕಾಗಲ್ಲ." ಈ ಉತ್ತರ ತಪ್ಪು. ಒಟಿಪಿ ಹಾಕೋದು ದುಡ್ಡು ಕೊಡೋದಕ್ಕೆ ಒಪ್ಪಿಗೆ. ಮಾಲು ಕೈಗೆ ಬಂತು ಅಂತ ಕೊಟ್ಟ ರಸೀದಿ ಅಲ್ಲ.

ನಡೆದಿದ್ದು ಇಷ್ಟು. ಮುಂಗಾರಿಗೆ ಮುಂಚೆ ಅಡಿಕೆಗೆ ಬೋರ್ಡೋ ಹೊಡೆಯೋಕೆ ಎಂಜಿನ್ ಇರೋ ಸ್ಪ್ರೇಯರ್ ಪಂಪ್ ಬೇಕಿತ್ತು. ಕೃಷಿ ಯಂತ್ರ ಮಾರೋ ಒಂದು ಆನ್‌ಲೈನ್ ಅಂಗಡಿಯಲ್ಲಿ 17,400 ರೂಪಾಯಿಗೆ ಇತ್ತು. ಜಿಎಸ್‌ಟಿ ನಂಬರ್, ವಿಳಾಸ, ಫೋನ್ ಎಲ್ಲ ನೋಡಿ, ಫೋನಿನಲ್ಲಿ ಮಾತಾಡಿಯೇ ಮೇ 4ಕ್ಕೆ ಆರ್ಡರ್ ಹಾಕಿದ್ದು. ಹತ್ತು ದಿನದಲ್ಲಿ ಬರತ್ತೆ ಅಂದಿದ್ರು. ಮೇ 17ಕ್ಕೆ ಮೊಬೈಲಿಗೆ ಮೆಸೇಜು ಬಂತು, ನಿಮ್ಮ ಸಾಮಾನು ತಲುಪಿಸಲಾಗಿದೆ ಅಂತ. ಮನೆಗೆ ಏನೂ ಬಂದಿಲ್ಲ. ಅಂಗಡಿಯವರ ಫೋನು ಆವತ್ತಿನಿಂದ ಎತ್ತೋರಿಲ್ಲ. ಮೇಲ್ ಹಾಕಿದೆ, ಉತ್ತರ ಇಲ್ಲ. ಮೂರು ದಿನ ಕಾದು ಬ್ಯಾಂಕಿಗೆ ಹೋದಾಗ ಸಿಕ್ಕಿದ್ದೇ ಮೇಲೆ ಬರೆದ ಒಟಿಪಿ ಉತ್ತರ.

ಕೌಂಟರಿನಲ್ಲಿದ್ದ ಹುಡುಗಿಯನ್ನ ನಾನು ಬೈಯಲ್ಲ. ಆಕೆಗೆ ಕಲಿಸಿದ್ದನ್ನ ಆಕೆ ಹೇಳಿದಾಳೆ. ಬ್ಯಾಂಕಿನವರ ತಲೆಯಲ್ಲಿ ಇರೋದು ರಿಸರ್ವ್ ಬ್ಯಾಂಕಿನ ಜುಲೈ 2017ರ ಸುತ್ತೋಲೆ. ಅದು ಇರೋದು ನಿಮ್ಮ ಅನುಮತಿ ಇಲ್ಲದೇ ಖಾತೆಯಿಂದ ದುಡ್ಡು ಹೋದಾಗ. ಯಾರೋ ಕಾರ್ಡ್ ನಕಲು ಮಾಡಿ ದುಡ್ಡು ಎಳೆದ್ರೆ, ಬ್ಯಾಂಕಿನದೂ ನಿಮ್ಮದೂ ತಪ್ಪಿಲ್ಲದಿದ್ರೆ, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. ತಿಳಿಸಿದ ಹತ್ತು ಕೆಲಸದ ದಿನದೊಳಗೆ ಆ ಮೊತ್ತವನ್ನ ಖಾತೆಗೆ ತಾತ್ಕಾಲಿಕವಾಗಿ ಜಮಾ ಮಾಡಬೇಕು. ಒಳ್ಳೆ ನಿಯಮ. ಆದರೆ ನನ್ನ ದುಡ್ಡು ಹಾಗೆ ಹೋಗಿದ್ದಲ್ಲ. ನಾನೇ ಕೊಟ್ಟಿದ್ದು, ಒಪ್ಪಿಯೇ ಕೊಟ್ಟಿದ್ದು. ಹಾಗಾಗಿ ಆ ಸುತ್ತೋಲೆ ನನಗೆ ಅನ್ವಯಿಸಲ್ಲ ಅನ್ನೋದು ನಿಜ. ಅಲ್ಲಿಂದ "ಹಾಗಾದ್ರೆ ನಿಮಗೆ ಯಾವ ದಾರಿಯೂ ಇಲ್ಲ" ಅನ್ನೋ ತೀರ್ಮಾನಕ್ಕೆ ಹಾರೋದು ಮಾತ್ರ ತಪ್ಪು. ಒಂದು ಬಾಗಿಲು ನಮ್ಮದಲ್ಲ ಅಂದ ಮಾತ್ರಕ್ಕೆ ಮನೆಗೆ ಬೇರೆ ಬಾಗಿಲೇ ಇಲ್ಲ ಅಂತಲ್ಲ.

ಆ ಇನ್ನೊಂದು ಬಾಗಿಲಿನ ಹೆಸರು ಚಾರ್ಜ್‌ಬ್ಯಾಕ್. ಇದು ಹೇಗೆ ಕೆಲಸ ಮಾಡತ್ತೆ ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಇದು ಅರ್ಥ ಆದ್ರೆ ಬ್ಯಾಂಕಿನಲ್ಲಿ ಮಾತಾಡೋ ಧೈರ್ಯ ತಾನಾಗೇ ಬರತ್ತೆ.

ನಾವು ಕಾರ್ಡ್ ನಂಬರ್ ಹಾಕಿದಾಗ ದುಡ್ಡು ನಮ್ಮ ಕೈಯಿಂದ ಅಂಗಡಿಯವನ ಕೈಗೆ ಸೀದಾ ಹೋಗಲ್ಲ. ಈ ಕಡೆ ಕಾರ್ಡ್ ಕೊಟ್ಟ ನಮ್ಮ ಬ್ಯಾಂಕು. ಆ ಕಡೆ ಅಂಗಡಿಯವನಿಗೆ ಕಾರ್ಡ್ ಪಾವತಿ ತಗೊಳ್ಳೋಕೆ ವ್ಯವಸ್ಥೆ ಮಾಡಿಕೊಟ್ಟ ಬ್ಯಾಂಕು. ನಡುವೆ ರುಪೇ, ವೀಸಾ, ಮಾಸ್ಟರ್‌ಕಾರ್ಡ್ ಅನ್ನೋ ಜಾಲ. ರುಪೇ ನಡೆಸೋದು ಎನ್‌ಪಿಸಿಐ. ಅಡಿಕೆ ಮಂಡಿಯನ್ನೇ ನೆನಪು ಮಾಡ್ಕೊಳ್ಳಿ. ಬೆಳೆಗಾರ ಒಂದು ಕಡೆ, ಖರೀದಿದಾರ ಇನ್ನೊಂದು ಕಡೆ, ನಡುವೆ ಮಂಡಿ. ತೂಕದಲ್ಲೋ ಗುಣಮಟ್ಟದಲ್ಲೋ ತಕರಾರು ಬಂದ್ರೆ ನಾವು ಖರೀದಿದಾರನ ಊರಿಗೆ ಹುಡುಕಿಕೊಂಡು ಹೋಗಲ್ಲ, ಮಂಡಿಯಲ್ಲೇ ಕೂತು ಬಗೆಹರಿಸ್ಕೊಳ್ತೀವಿ. ಕಾರ್ಡ್ ಜಾಲದಲ್ಲೂ ಹಾಗೇ. ಆ ಜಾಲಕ್ಕೆ ಸೇರಿದ ಬ್ಯಾಂಕುಗಳೆಲ್ಲ ಒಂದು ನಿಯಮಕ್ಕೆ ಒಪ್ಪಿವೆ: ಗ್ರಾಹಕ ಕೊಟ್ಟ ದುಡ್ಡಿಗೆ ಮಾಲು ಬಂದಿಲ್ಲ ಅಂತ ದಾಖಲೆ ಸಮೇತ ಹೇಳಿದರೆ, ಗ್ರಾಹಕನ ಬ್ಯಾಂಕು ಆ ವ್ಯವಹಾರವನ್ನ ಅಂಗಡಿಯವನ ಬ್ಯಾಂಕಿನ ಮೇಲೆ ವಾಪಸ್ ಎಸೀಬಹುದು. ಅಂಗಡಿಯವನು ಮಾಲು ತಲುಪಿಸಿದ್ದಕ್ಕೆ ಸಾಕ್ಷಿ ಕೊಡಬೇಕು. ಕೊಡದಿದ್ರೆ ದುಡ್ಡು ವಾಪಸ್.

ವೀಸಾದವರ ಪಟ್ಟಿಯಲ್ಲಿ ಇದಕ್ಕೊಂದು ನಂಬರೇ ಇದೆ, 13.1, ಮಾಲು ಅಥವಾ ಸೇವೆ ತಲುಪಿಲ್ಲ ಅನ್ನೋ ಕಾರಣ. ಇದು ಕ್ರೆಡಿಟ್ ಕಾರ್ಡಿಗೆ ಮಾತ್ರ ಅನ್ನೋ ನಂಬಿಕೆ ಬ್ಯಾಂಕಿನವರಲ್ಲೂ ಇದೆ. ಅದು ಸರಿಯಲ್ಲ, ಡೆಬಿಟ್ ಕಾರ್ಡಿಗೂ ಅನ್ವಯಿಸತ್ತೆ. ವೀಸಾ, ಮಾಸ್ಟರ್‌ಕಾರ್ಡ್‌ಗಳಲ್ಲಿ ಈ ಕಾರಣಕ್ಕೆ ಗಡುವು ಸಾಮಾನ್ಯವಾಗಿ 120 ದಿನ. ರುಪೇಗೆ ಅದರದ್ದೇ ಗಡುವು ಇದೆ. ಯಾವ ಕಾರ್ಡೇ ಆಗಲಿ, ಆ ಗಡುವು ಬ್ಯಾಂಕುಗಳ ನಡುವಿನ ಕೆಲಸಕ್ಕೆ. ನಮ್ಮ ಅರ್ಜಿ ಅದಕ್ಕಿಂತ ಎಷ್ಟೋ ಮುಂಚೆ ಬ್ಯಾಂಕಿನ ಕೈಯಲ್ಲಿರಬೇಕು.

ಖಾತೆ ಬದಲಾವಣೆಗೆ ನೋಟಿಸ್ ಹಚ್ಚಿದಾಗ ತಕರಾರು ಅವಧಿ ಅಂತ ಇರತ್ತಲ್ಲ, ಹಾಗೇ ಇದು. ಅವಧಿಯೊಳಗೆ ಬರೆದು ಕೊಟ್ಟವನ ಮಾತಿಗೆ ಬೆಲೆ. ನಾಡಕಚೇರಿ ಮೆಟ್ಟಿಲ ಮೇಲೆ ನಿಂತು ಎಷ್ಟು ಕೂಗಾಡಿದ್ರೂ ಕಡತದಲ್ಲಿ ಕಾಗದ ಇಲ್ಲ ಅಂದ್ರೆ ತಕರಾರೇ ಇಲ್ಲ. ನಮ್ಮಲ್ಲಿ ಬಹಳ ಜನ ಸೋಲೋದು ಇಲ್ಲೇ. ಬ್ಯಾಂಕಿಗೆ ನಾಲ್ಕು ಸಲ ಹೋಗಿರ್ತಾರೆ, ನಾಲ್ಕು ಸಲವೂ ಬಾಯಲ್ಲಿ ಹೇಳಿರ್ತಾರೆ. ಐದನೇ ಸಲ ಹೋಗೋ ಹೊತ್ತಿಗೆ ಆ ಅಧಿಕಾರಿ ವರ್ಗ ಆಗಿರ್ತಾರೆ.

ಹಾಗಾಗಿ ಮೇ 21ಕ್ಕೆ ಒಂದು ಪುಟದ ಅರ್ಜಿ ಬರೆದು ತಗೊಂಡು ಹೋದೆ. ಅದರಲ್ಲಿ ಹಾಕಿದ್ದು ಇಷ್ಟೇ: ಖಾತೆ ನಂಬರ್, ಕಾರ್ಡಿನ ಕೊನೆಯ ನಾಲ್ಕು ಅಂಕಿ, ದುಡ್ಡು ಹೋದ ತಾರೀಕು ಮತ್ತು ಮೊತ್ತ, ಸ್ಟೇಟ್‌ಮೆಂಟಿನಲ್ಲಿ ಇರೋ ವ್ಯವಹಾರದ ನಂಬರ್, ಏನು ಆರ್ಡರ್ ಮಾಡಿದ್ದು, ಯಾವತ್ತು ಬರಬೇಕಿತ್ತು, ಅಂಗಡಿಯವರನ್ನ ಯಾವಾಗ ಹೇಗೆ ಕೇಳಿದೆ. ಕೊನೆಗೆ ಒಂದು ವಾಕ್ಯ: "ಇದು ಅನಧಿಕೃತ ವ್ಯವಹಾರದ ದೂರಲ್ಲ, ಮಾಲು ತಲುಪದ ಕಾರಣಕ್ಕೆ ಚಾರ್ಜ್‌ಬ್ಯಾಕ್ ಕೋರಿಕೆ." ಜೊತೆಗೆ ಆರ್ಡರ್ ಚೀಟಿ, ಮೇಲ್‌ಗಳ ಪ್ರಿಂಟು. ಎರಡು ಪ್ರತಿ. ಒಂದು ಅವರಿಗೆ, ಇನ್ನೊಂದಕ್ಕೆ ಸೀಲು, ಸಹಿ, ತಾರೀಕು ಹಾಕಿಸ್ಕೊಂಡು ನನಗೆ.

ಮ್ಯಾನೇಜರ್ ಮೇಡಂ ಬೇರೆ ರಾಜ್ಯದವರು, ಕನ್ನಡ ಇನ್ನೂ ಕಲೀತಿದಾರೆ. ಓದಿಸಿ ಕೇಳಿದ್ರು, ಆಮೇಲೆ ಯಾರಿಗೋ ಫೋನ್ ಮಾಡಿದ್ರು. "ಇದು ನಮ್ಮ ಬ್ರಾಂಚಿನಲ್ಲಿ ಮಾಡೋದಲ್ಲ, ಕಾರ್ಡ್ ವಿಭಾಗಕ್ಕೆ ಕಳಿಸ್ತೀನಿ" ಅಂದ್ರು. ಕಳಿಸಿದ್ರು ಕೂಡ. ಮಾರನೇ ದಿನ ಮೊಬೈಲಿಗೆ ದೂರಿನ ನಂಬರ್ ಬಂತು. ನೋಡಿ, ಅರ್ಜಿ ಇದ್ದಾಗ ಕೆಲಸ ಆಯ್ತು. ಮನುಷ್ಯರು ಕೆಟ್ಟವರಲ್ಲ, ದಾರಿ ಅವರಿಗೂ ಗೊತ್ತಿರಲಿಲ್ಲ ಅಷ್ಟೆ.

ಆದರೆ ಕಥೆ ಅಲ್ಲಿಗೇ ಮುಗೀಲಿಲ್ಲ. ಜೂನ್ ಕೊನೆಗೆ ಬ್ಯಾಂಕಿನಿಂದ ಮೇಲ್ ಬಂತು: ಅಂಗಡಿಯವರು ಮಾಲು ತಲುಪಿಸಿದ ದಾಖಲೆ ಕೊಟ್ಟಿದಾರೆ, ಆದ್ದರಿಂದ ನಿಮ್ಮ ದೂರು ಮುಕ್ತಾಯ. ಜೊತೆಗೆ ಒಂದು ಕೊರಿಯರ್ ಚೀಟಿ. ಅದರಲ್ಲಿ ನಮ್ಮ ಪಿನ್ ಕೋಡ್ ಇದೆ, ಯಾರದ್ದೋ ಸಹಿ ಇದೆ. ಓದಿದ ಕೂಡಲೇ ಇಷ್ಟೇ ಹಣೆಬರಹ ಅಂತ ಬಿಡೋರೇ ಜಾಸ್ತಿ. ಆದ್ರೆ ಮಂಡಿ ಚೀಟಿ ನೋಡಿ ಅಭ್ಯಾಸ ಇರೋ ಕಣ್ಣು ಮೊದಲು ಹುಡುಕೋದು ತೂಕವನ್ನ. ಆ ಚೀಟಿಯಲ್ಲಿ ತೂಕ 480 ಗ್ರಾಂ. ಎಂಜಿನ್ ಸಮೇತ ಪಂಪಿನ ತೂಕ 23 ಕಿಲೋ ಅಂತ ಅವರದ್ದೇ ಅಂಗಡಿಯ ಪುಟದಲ್ಲಿ ಬರೆದಿತ್ತು. 23 ಕಿಲೋ ಪಂಪನ್ನ ಅರ್ಧ ಕಿಲೋ ಪೊಟ್ಟಣದಲ್ಲಿ ಕಳಿಸೋ ವಿದ್ಯೆ ಇನ್ನೂ ಯಾರಿಗೂ ಬಂದಿಲ್ಲ.

ಪೇಟೆಯ ಕೊರಿಯರ್ ಆಫೀಸಿಗೆ ಹೋಗಿ ಆ ನಂಬರಿನ ಪೊಟ್ಟಣ ಎಲ್ಲಿಗೆ ಹೋಗಿದ್ದು ಅಂತ ಕೇಳಿದೆ. ಅದೇ ಪಿನ್ ಕೋಡಿನ ಬೇರೆ ಊರಿನ ಬೇರೆ ವಿಳಾಸಕ್ಕೆ ಹೋಗಿತ್ತು. ಇದೊಂದು ತಂತ್ರ. ಪಿನ್ ಕೋಡ್ ಹೊಂದಿಕೆಯಾಗೋ ಯಾವುದೋ ಪೊಟ್ಟಣದ ನಂಬರನ್ನ ನಮ್ಮ ಆರ್ಡರಿಗೆ ಜೋಡಿಸಿದ್ರೆ ಕಂಪ್ಯೂಟರಿನಲ್ಲಿ ತಲುಪಿದೆ ಅಂತ ತೋರಿಸತ್ತೆ. ನಮ್ಮ ಒಂದು ಪಿನ್ ಕೋಡಿನಲ್ಲಿ ಎಷ್ಟು ಹಳ್ಳಿ ಇದಾವೆ ಅಂತ ದೂರದಲ್ಲಿ ಕೂತು ಪರದೆ ನೋಡೋರಿಗೆ ಹೇಗೆ ಗೊತ್ತಾಗಬೇಕು? ಕೊರಿಯರ್ ಆಫೀಸಿನವರು ಪುಣ್ಯಕ್ಕೆ ನನ್ನ ಹೆಸರಿಗೆ ಆ ನಂಬರಿನಲ್ಲಿ ಏನೂ ಬಂದಿಲ್ಲ ಅಂತ ಬರೆದು ಸೀಲು ಹಾಕಿಕೊಟ್ರು. ಅದನ್ನ, ಚೀಟಿಯ ತೂಕವನ್ನ, ಅಂಗಡಿ ಪುಟದ ತೂಕವನ್ನ, ನನ್ನ ಸಹಿಯ ಮಾದರಿಯನ್ನ ಸೇರಿಸಿ ಎರಡೇ ದಿನದಲ್ಲಿ ವಾಪಸ್ ಬರೆದೆ. ದೂರು ಮತ್ತೆ ತೆರೀತು. ಆಗಸ್ಟ್ 6ಕ್ಕೆ 17,400 ರೂಪಾಯಿ ಖಾತೆಗೆ ಬಂತು. ಅರ್ಜಿ ಕೊಟ್ಟು 77 ದಿನ, ದುಡ್ಡು ಹೋಗಿ 94 ದಿನ.

ದುಡ್ಡು ಬಂತಲ್ಲ, ಇನ್ನೇನು ಅಂತ ಕೇಳಬಹುದು. ನನ್ನ ಮುಖ್ಯ ಆಕ್ಷೇಪ ಇರೋದೇ ಇಲ್ಲಿ.

ಅಡಿಕೆಗೆ ಮೊದಲ ಬೋರ್ಡೋ ಬೀಳಬೇಕಾದ್ದು ಮಳೆ ಹಿಡಿಯೋಕೆ ಮುಂಚೆ. ಎರಡನೇದು ಅದಾಗಿ 40-45 ದಿನಕ್ಕೆ. ನನ್ನ ದುಡ್ಡು ಬರೋ ಹೊತ್ತಿಗೆ ಎರಡೂ ಸುತ್ತು ಮುಗಿದಿತ್ತು. ಪಕ್ಕದ ತೋಟದವರ ಪಂಪನ್ನ ಬಾಡಿಗೆಗೆ ತಂದು, ಅವರದ್ದು ಮುಗಿಯೋ ತನಕ ಕಾದು ಹೊಡೆಸಿದೆ. ಮೈಲುತುತ್ತು, ಸುಣ್ಣ ತಂದಿಟ್ಟುಕೊಂಡು ಆಕಾಶ ನೋಡ್ತಾ ಕೂರೋದು ಅಂದ್ರೆ ಏನು ಅಂತ ಅಡಿಕೆ ಬೆಳೆಯೋರಿಗೆ ಹೇಳಬೇಕಾಗಿಲ್ಲ. ಕೊಳೆ ಬ್ಯಾಂಕಿನ ಕಡತ ಮುಗಿಯೋ ತನಕ ಕಾಯಲ್ಲ.

ಕ್ರೆಡಿಟ್ ಕಾರ್ಡ್ ಇದ್ದೋನಿಗೆ ಇದೇ ತಕರಾರು ಬಂದ್ರೆ, ಕೈಯಿಂದ ಇನ್ನೂ ದುಡ್ಡು ಹೋಗಿರಲ್ಲ, ಬಿಲ್ಲಿನಲ್ಲಿ ಮಾತ್ರ ಇರತ್ತೆ. ಡೆಬಿಟ್ ಕಾರ್ಡಿನಲ್ಲಿ ಹಾಗಲ್ಲ. ಗೊಬ್ಬರಕ್ಕೆ, ಕೂಲಿಗೆ, ಮಕ್ಕಳ ಫೀಸಿಗೆ ಅಂತ ಇಟ್ಟ ದುಡ್ಡು ಆಗಲೇ ಖಾಲಿಯಾಗಿರತ್ತೆ. ತೀರ್ಮಾನ ಆಗೋ ತನಕ ನಷ್ಟ ಹೊತ್ತು ಕೂರೋನು ಗ್ರಾಹಕ. ಹಳ್ಳಿಯಲ್ಲಿ ಕ್ರೆಡಿಟ್ ಕಾರ್ಡ್ ಇರೋರು ಎಷ್ಟು ಜನ? ನಮ್ಮ ಕೈಯಲ್ಲಿ ಇರೋದು ಉಳಿತಾಯ ಖಾತೆಯ ಕಾರ್ಡು. ಅಂದ್ರೆ ಕಾಯೋ ಶಕ್ತಿ ಕಡಿಮೆ ಇರೋನನ್ನೇ ಹೆಚ್ಚು ಕಾಯಿಸೋ ವ್ಯವಸ್ಥೆ ಇದು.

ಇನ್ನೊಂದು ಮಗ್ಗುಲೂ ಇದೆ, ಅದನ್ನೂ ಹೇಳಬೇಕು. ನಮ್ಮಲ್ಲೇ ಎಷ್ಟೋ ಜನ ಈಗ ಕಾಳುಮೆಣಸು, ಜೇನು, ಹಪ್ಪಳ, ಬೆಲ್ಲ ಆನ್‌ಲೈನಿನಲ್ಲಿ ಮಾರ್ತಿದಾರೆ. ಮಾಲು ತಿಂದು ತೇಗಿ, ಬಂದೇ ಇಲ್ಲ ಅಂತ ಸುಳ್ಳು ತಕರಾರು ಹಾಕೋ ಗಿರಾಕಿಗಳೂ ಇದಾರೆ. ಆಗ ಪೆಟ್ಟು ಬೀಳೋದು ನಮ್ಮಂಥ ಸಣ್ಣ ಮಾರಾಟಗಾರನಿಗೆ. ಅದಕ್ಕೇ ಅಂಗಡಿಯವನಿಗೆ ಉತ್ತರ ಕೊಡೋ ಅವಕಾಶ ಇರಲೇಬೇಕು, ಅದು ನ್ಯಾಯ. ನಾನು ಕೇಳ್ತಿರೋದು ಗ್ರಾಹಕ ಹೇಳಿದ್ದೇ ಸತ್ಯ ಅಂತ ಒಪ್ಪಿ ಅಂತಲ್ಲ. ಎರಡೂ ಕಡೆಯ ಕಾಗದವನ್ನ ಓದಿ ಅಂತ. 480 ಗ್ರಾಮಿನ ಚೀಟಿಯನ್ನ ಯಾರಾದ್ರೂ ನಿಜವಾಗಿ ಓದಿದ್ರೆ ನನ್ನ ದೂರು ಮುಕ್ತಾಯ ಆಗ್ತಿರಲಿಲ್ಲ. ಮಾರೋರೂ ಅಷ್ಟೆ, ಕೊರಿಯರ್ ಚೀಟಿ, ತೂಕ, ಪೊಟ್ಟಣದ ಫೋಟೋ ಜೋಪಾನವಾಗಿ ಇಟ್ಕೊಳ್ಳಿ. ಪ್ರಾಮಾಣಿಕನನ್ನ ಕಾಯೋದೂ ಅದೇ ಚೀಟಿ.

ಬ್ಯಾಂಕುಗಳು ಮಾಡಬೇಕಾದ್ದು ದೊಡ್ಡ ಕೆಲಸ ಏನಲ್ಲ. ಒಂದು, ಚಾರ್ಜ್‌ಬ್ಯಾಕ್ ಅರ್ಜಿ ಒಂದು ಪುಟದಲ್ಲಿ, ಕನ್ನಡದಲ್ಲಿ, ಪ್ರತಿ ಶಾಖೆಯಲ್ಲಿ ಇರಲಿ. ದುಡ್ಡು ಕಟ್ಟೋ ಚಲನ್ ಇಡೋ ಜಾಗದಲ್ಲೇ ಇಡಬಹುದು. ಎರಡು, "ಆಗಲ್ಲ" ಅನ್ನೋದಾದ್ರೆ ಯಾಕೆ ಆಗಲ್ಲ ಅಂತ ಬರೆದು ಕೊಡಲಿ. ಮೂರು, ಅಂಗಡಿಯವರ ಉತ್ತರ ಬಂದಾಗ ದೂರನ್ನ ಮುಚ್ಚೋಕೆ ಮುಂಚೆ ಅದನ್ನ ಗ್ರಾಹಕನಿಗೆ ತೋರಿಸಿ, ಉತ್ತರಿಸೋಕೆ ಒಂದು ವಾರ ಕೊಡಲಿ. ನಾಲ್ಕು, ಅನಧಿಕೃತ ವ್ಯವಹಾರಕ್ಕೆ ಇರೋ ಹಾಗೆ ಮಾಲು ತಲುಪದ ತಕರಾರಿಗೂ ಡೆಬಿಟ್ ಕಾರ್ಡಿನವರಿಗೆ ತಾತ್ಕಾಲಿಕ ಜಮಾ ಸಿಗಲಿ. ತಕರಾರು ಸುಳ್ಳು ಅಂತ ಆದ್ರೆ ವಾಪಸ್ ಕಡಿತ ಮಾಡ್ಕೊಳ್ಳಲಿ, ಬೇಡ ಅಂದೋರು ಯಾರು? ಈ ನಾಲ್ಕನೇದು ರಿಸರ್ವ್ ಬ್ಯಾಂಕ್ ಮನಸ್ಸು ಮಾಡಿದ್ರೆ ಆಗೋ ಕೆಲಸ. ಉಳಿದ ಮೂರಕ್ಕೆ ಬ್ಯಾಂಕಿನ ಮನಸ್ಸೇ ಸಾಕು.

ಅಲ್ಲಿಯ ತನಕ ನಮ್ಮ ಕೈಲಿ ಇರೋದನ್ನ ನಾವು ಮಾಡೋಣ.

ಬರೆದು ಕೊಟ್ಟು 30 ದಿನ ಆದ್ರೂ ಬ್ಯಾಂಕು ಉತ್ತರ ಕೊಡದಿದ್ರೆ, ಅಥವಾ ಕೊಟ್ಟ ಉತ್ತರ ಸಮಾಧಾನ ತರದಿದ್ರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಹಾಕಬಹುದು. 2021ರ ನವೆಂಬರಿನಿಂದ ದೇಶಕ್ಕೆಲ್ಲ ಒಂದೇ ವ್ಯವಸ್ಥೆ, ಸಿಎಂಎಸ್ ಅನ್ನೋ ಪೋರ್ಟಲ್ಲಿನಲ್ಲಿ ದೂರು ಹಾಕೋದು. ಶುಲ್ಕ ಇಲ್ಲ, ವಕೀಲರು ಬೇಡ. 14448ಕ್ಕೆ ಫೋನ್ ಮಾಡಿದ್ರೆ ಕನ್ನಡದಲ್ಲೂ ವಿವರ ಹೇಳ್ತಾರೆ. ಆದರೆ ನೆನಪಿಡಿ, ಮೊದಲು ಬ್ಯಾಂಕಿಗೇ ದೂರು ಕೊಟ್ಟಿರಬೇಕು. ಆ ಸೀಲು ಹಾಕಿಸಿದ ಪ್ರತಿಯ ಬೆಲೆ ಗೊತ್ತಾಗೋದು ಆಗಲೇ.

ಅಂಗಡಿಯವರ ಮೇಲೆ ಬೇರೆ ದಾರಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಆನ್‌ಲೈನ್ ಮಾರಾಟ ವೇದಿಕೆಗಳು ದೂರು ಕೇಳೋ ಅಧಿಕಾರಿಯನ್ನ ಇಟ್ಟಿರಬೇಕು. ಆ ಅಧಿಕಾರಿ 48 ಗಂಟೆಯೊಳಗೆ ದೂರು ಬಂದಿದೆ ಅಂತ ತಿಳಿಸಿ, ಒಂದು ತಿಂಗಳೊಳಗೆ ಬಗೆಹರಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆ ಬಂದ ಮೇಲೆ ನಾವು ವಾಸ ಇರೋ ಜಿಲ್ಲೆಯಲ್ಲೇ ದೂರು ಹಾಕಬಹುದು, ಅಂಗಡಿ ದಿಲ್ಲಿಯಲ್ಲಿದ್ರೂ ಸರಿ. ಕೊಟ್ಟ ಬೆಲೆ 5 ಲಕ್ಷದೊಳಗಿದ್ರೆ ಶುಲ್ಕವೂ ಇಲ್ಲ. ಅಂಗಡಿಯೇ ನಕಲಿ, ಇಡೀ ಪುಟವೇ ಮೋಸ ಅಂತ ಗೊತ್ತಾದ್ರೆ ಮಾತ್ರ ಇದ್ಯಾವುದಕ್ಕೂ ಕಾಯಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ. ಅಲ್ಲಿ ಗಂಟೆಗಳ ಲೆಕ್ಕ. ದುಡ್ಡು ಇನ್ನೊಂದು ಖಾತೆಗೆ ದಾಟೋ ಮುಂಚೆ ತಡೀಬೇಕು.

ಕೊನೇದಾಗಿ ಒಂದು ಎಚ್ಚರಿಕೆ. "ಕಾರ್ಡ್ ಬೇಡ ಸರ್, ಈ ನಂಬರಿಗೆ ಹಾಕ್ಬಿಡಿ, 500 ಕಡಿಮೆ ಮಾಡ್ತೀನಿ" ಅನ್ನೋರು ಸಿಗ್ತಾರೆ. ಯಾರದ್ದೋ ಸ್ವಂತ ನಂಬರಿಗೆ ಹಾಕಿದ ದುಡ್ಡಿಗೆ ಕಾರ್ಡಿನ ಈ ಚಾರ್ಜ್‌ಬ್ಯಾಕ್ ದಾರಿ ಇಲ್ಲ. ಆ 500 ರೂಪಾಯಿ ರಿಯಾಯಿತಿಗೆ ನಾವು ಮಾರ್ತಿರೋದು ನಮ್ಮ ತಕರಾರಿನ ಹಕ್ಕನ್ನ. ಪರಿಚಯದ ಅಂಗಡಿ ಆದ್ರೆ ಬೇರೆ ಮಾತು. ಮುಖ ನೋಡದ ಅಂಗಡಿಗೆ ಹಾಗೆ ಹಾಕೋದು ಬೇಡ.

ಹಳ್ಳಿಯೋರಿಗೆ ಆನ್‌ಲೈನ್ ವ್ಯವಹಾರ ಬರಲ್ಲ ಅಂತ ಕೆಲವರು ನಗ್ತಾರೆ. ಬರತ್ತೆ. ತೂಕದ ಚೀಟಿ ಇಲ್ಲದೇ ಒಂದು ಮೂಟೆಯನ್ನೂ ಕೈಬಿಡದ ಜನ ನಾವು. ಅದೇ ಅಭ್ಯಾಸವನ್ನ ಬ್ಯಾಂಕಿನ ಕೌಂಟರಿಗೂ ತಗೊಂಡು ಹೋದ್ರೆ ಸಾಕು.